ನಗೆಯ ಹಿಂದಿನ ದುಡಿಮೆ

ಬೆಳಗಿನ ಮೊದಲ ಕಾಫಿಯೊಡನೆ ಪತ್ರಿಕೆಯನ್ನು ಬಿಡಿಸುವ ಗಿರಾಕಿಯ ಕಣ್ಣು ಅಗ್ರಲೇಖನದ ಮೇಲೆ ಬೀಳುವುದಿಲ್ಲ; ಮೂಲೆಯ ಚೌಕಟ್ಟಿನಲ್ಲಿರುವ ವ್ಯಂಗ್ಯಚಿತ್ರದ ಮೇಲೆ ಬೀಳುತ್ತದೆ. ಅವನು ಒಂದು ಗಳಿಗೆ ನಕ್ಕು ಪುಟವನ್ನು ಮಗುಚುತ್ತಾನೆ. ಗಲ್ಲೆಯ ಹಿಂದೆ ಕುಳಿತು ಹಲವು ವರುಷ ನಾವು ಈ ನೋಟವನ್ನು ಕಂಡವರು. “ದಿನಕ್ಕೊಂದು ಚಿತ್ರ ಗೀಚಿದರೆ ಸಂಬಳವಂತೆ! ಇದಕ್ಕಿಂತ ಸುಖದ ಕೆಲಸ ಉಂಟೆ?” ಎಂದು ಅಂದು ನಾವೂ ಆಡಿಕೊಂಡದ್ದುಂಟು. ಸಂಪಾದಕನ ಕುರ್ಚಿಯಲ್ಲಿ ಕುಳಿತ ಮೇಲೆ ಆ ಮಾತಿಗಾಗಿ ನಾಚಿಕೆಯಾಗಿದೆ.

ಇಡ್ಲಿಯನ್ನು ತಿನ್ನಲು ಎರಡು ನಿಮಿಷ ಸಾಕು. ಆದರೆ ಅದರ ಅಕ್ಕಿ, ಉದ್ದು ಹಿಂದಿನ ದಿನವೇ ನೆನೆದಿರಬೇಕು. ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಹುಳಿ ಬಂದಿರಬೇಕು. ಊರು ಮಲಗಿರುವಾಗಲೇ ಒಲೆ ಹೊತ್ತಿರಬೇಕು. ಇದನ್ನು ನಮ್ಮ ಹೋಟೆಲು ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವ್ಯಂಗ್ಯಚಿತ್ರದ ಪಾಡೂ ಇದೇ. ಅಷ್ಟೇ ಅಲ್ಲ, ನಿನ್ನೆಯ ಹಿಟ್ಟು ಇಂದಿಗೆ ಒದಗೀತು. ನಿನ್ನೆಯ ನಗೆ ಇಂದಿಗೆ ಒದಗದು.

ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರ ಬಾಳನ್ನೇ ನೋಡಬಹುದು. 1921ರಲ್ಲಿ ಹುಟ್ಟಿದ ಅವರು ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿಕೊಂಡಾಗ, ಯೋಗ್ಯತೆ ಸಾಲದೆಂದು ಆ ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಓದುತ್ತ, ಅಣ್ಣ ನಾರಾಯಣರ ಕಥೆಗಳಿಗೂ ರಾಶಿಯವರ ‘ಕೊರವಂಜಿ’ಗೂ ಚಿತ್ರ ಬರೆದು ಅವರು ಕೈಯನ್ನು ಪಳಗಿಸಿಕೊಂಡರು. ಮುಂಬಯಿಯಲ್ಲಿ ಒಂದು ಪತ್ರಿಕೆಯನ್ನು ಸೇರಿದರು. ಕಮ್ಯುನಿಸ್ಟರನ್ನು ಗೇಲಿ ಮಾಡಕೂಡದೆಂದು ಅದರ ಮಾಲೀಕರು ಅಪ್ಪಣೆಯಿತ್ತಾಗ ಅಲ್ಲಿಂದ ಎದ್ದು ಬಂದರು. 1947ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಸೇರಿ ಐವತ್ತಕ್ಕೂ ಹೆಚ್ಚು ವರುಷ ಅಲ್ಲಿಯೇ ದುಡಿದರು. 1951ರಲ್ಲಿ ತೊಡಗಿದ ‘ಯೂ ಸೆಡ್ ಇಟ್’ ಎಂಬ ಪುಟ್ಟ ಚೌಕಟ್ಟಿನೊಳಗೆ, ಚೌಕಳಿ ಕೋಟು, ಧೋತ್ರ, ದಪ್ಪ ಮೀಸೆಯ ಶ್ರೀಸಾಮಾನ್ಯನು ಬಾಯಿ ಬಿಡದೆ ನಿಂತು ದೇಶದ ವ್ಯವಹಾರವನ್ನೆಲ್ಲ ನೋಡಿದನು. ವರಳಿಯ ಕಡಲ ದಂಡೆಯಲ್ಲಿ ಇಂದು ಅವನದೊಂದು ಪ್ರತಿಮೆಯಿದೆ. 2003ರಲ್ಲಿ ಪಾರ್ಶ್ವವಾಯು ಎಡಮಗ್ಗುಲನ್ನು ಹಿಡಿದ ಮೇಲೂ ಲಕ್ಷ್ಮಣರು ಕುಂಚವನ್ನು ಕೆಳಗಿಡಲಿಲ್ಲ. 2015ರ ಜನವರಿ 26ರಂದು ಪುಣೆಯಲ್ಲಿ ಅವರು ತೀರಿಕೊಂಡರು.

ಈ ಕೀರ್ತಿಯ ಹಿಂದೆ ಇದ್ದುದು ದಿನದಿನದ ದುಡಿಮೆ. ವ್ಯಂಗ್ಯಚಿತ್ರಕಾರನು ಬೆಳಿಗ್ಗೆ ಕಚೇರಿಗೆ ಬಂದು ಹತ್ತಾರು ಪತ್ರಿಕೆಗಳನ್ನು ಓದಬೇಕು. ಬಜೆಟ್ಟಿನ ಅಂಕಿಯಿಂದ ಹಿಡಿದು ನಲ್ಲಿಯ ನೀರಿನವರೆಗೆ ಎಲ್ಲವನ್ನೂ ಬಲ್ಲವನಾಗಿರಬೇಕು. ಹೊಸ ಮಂತ್ರಿ ಬಂದರೆ ಅವನ ಮೂಗು, ಹುಬ್ಬು, ನಡಿಗೆಯನ್ನು ಅಭ್ಯಾಸ ಮಾಡಬೇಕು. ಮಧ್ಯಾಹ್ನವಾದರೂ ಹೊಳಹು ಹೊಳೆಯದಿರಬಹುದು, ಗಡಿಯಾರವಂತೂ ನಿಲ್ಲದು. ವರದಿಗಾರನಿಗೆ ಸುದ್ದಿ ಹೊರಗಿನಿಂದ ಬರುವುದು. ಇವನ ಸರಕು ತಲೆಯೊಳಗಿನಿಂದಲೇ ಬರಬೇಕು. ಮನೆಯಲ್ಲಿ ಮಗುವಿಗೆ ಜ್ವರವಿದ್ದ ದಿನವೂ ಇವನು ಊರನ್ನು ನಗಿಸಬೇಕು.

ಇಷ್ಟು ದುಡಿದರೂ ಅವನ ಅನ್ನಕ್ಕೆ ಭದ್ರತೆಯಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಚಿತ್ರಗಳೂ ಸೆನ್ಸಾರಿನ ಮುಂದೆ ನಿಲ್ಲಬೇಕಾಯಿತು. ‘ಶಂಕರ್ಸ್ ವೀಕ್ಲಿ’ ನಿಂತುಹೋದದ್ದೂ ಅದೇ ವರುಷ. 2012ರಲ್ಲಿ ಇದೇ ಮುಂಬಯಿಯಲ್ಲಿ ಅಸೀಮ್ ತ್ರಿವೇದಿಯವರನ್ನು ಚಿತ್ರಗಳಿಗಾಗಿ ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದ ಕುಂದಾಪುರದ ಸತೀಶ ಆಚಾರ್ಯರ ಒಂದು ಚಿತ್ರವನ್ನು 2018ರಲ್ಲಿ ದೈನಿಕವೊಂದು ತಿರಸ್ಕರಿಸಿತು. ಅಲ್ಲಿಗೆ ಅವರ ಅಂಕಣವೂ ಮುಗಿಯಿತು. ‘ನ್ಯೂಯಾರ್ಕ್ ಟೈಮ್ಸ್’ನಂತಹ ಸಿರಿವಂತ ಪತ್ರಿಕೆಯೇ 2019ರಲ್ಲಿ ತನ್ನ ಅಂತರರಾಷ್ಟ್ರೀಯ ಆವೃತ್ತಿಯಿಂದ ರಾಜಕೀಯ ವ್ಯಂಗ್ಯಚಿತ್ರವನ್ನು ತೆಗೆದುಹಾಕಿತು. ಇಂದು ಚಿತ್ರವು ಮೊಬೈಲಿನಿಂದ ಮೊಬೈಲಿಗೆ ಹಾರಿ ಸಾವಿರಾರು ಜನರನ್ನು ತಲುಪುತ್ತದೆ. ಬರೆದವನ ಕೈಗೆ ಅದರಿಂದ ಬಿಡಿಗಾಸೂ ತಲುಪದಿರುವುದುಂಟು.

ಅಧಿಕಾರಸ್ಥರನ್ನೂ ಮಾಲೀಕರನ್ನೂ ದೂರುವುದು ಸುಲಭ. ನಮ್ಮ ತಪ್ಪನ್ನೂ ಹೇಳಿಬಿಡುವುದು ಧರ್ಮವೆಂದು ತಿಳಿಯುತ್ತೇವೆ. ನಾವು ಪತ್ರಿಕೆಗೆ ಬಂದ ಹೊಸತರಲ್ಲಿ, ಹಗಲು ಹೋಟೆಲೊಂದರಲ್ಲಿ ಬಿಲ್ಲು ಬರೆದು ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ತರುಣನೊಬ್ಬ, ಬಿಲ್ಲಿನ ಹಾಳೆಗಳ ಹಿಂಬದಿಯಲ್ಲಿ ಚಿತ್ರ ಬರೆದು ತಂದುಕೊಡುತ್ತಿದ್ದನು. ನಾವು ಅಚ್ಚು ಹಾಕುತ್ತಿದ್ದೆವು. ಒಂದು ಕಾಫಿ ಕೊಡಿಸಿ ಬೆನ್ನು ತಟ್ಟುತ್ತಿದ್ದೆವು. ಹೆಸರು ಬಂತಲ್ಲ, ಇನ್ನೇನು ಬೇಕು ಎಂಬುದು ಆಗಿನ ನಮ್ಮ ಲೆಕ್ಕ. ಒಮ್ಮೆ ಅವನು ಉದ್ದಿನ ವಡೆಯ ಚಿತ್ರ ತಂದನು. ವರುಷ ವರುಷಕ್ಕೆ ವಡೆಯ ತೂತು ದೊಡ್ಡದಾಗುತ್ತ ಬಂದು, ಕೊನೆಗೆ ತಟ್ಟೆಯಲ್ಲಿ ತೂತು ಮಾತ್ರವೇ ಉಳಿದಿದೆ. ಪಕ್ಕದಲ್ಲಿ ಧಣಿಗಳು ಕೈಮುಗಿದು, “ದರ ಏರಿಸಿಲ್ಲ” ಎನ್ನುತ್ತಿದ್ದಾರೆ!

ಅಂದು ಊರೆಲ್ಲ ನಕ್ಕಿತು. ಹೋಟೆಲು ಮಾಲೀಕ ಮಿತ್ರರು ಮಾತ್ರ ನಗಲಿಲ್ಲ. ಜಾಹೀರಾತು ನಿಲ್ಲಿಸುವೆವೆಂದು ನಾಲ್ಕಾರು ಮಂದಿ ಹೇಳಿ ಕಳುಹಿಸಿದರು. ನಾವು ಅವನನ್ನು ಕರೆದು, “ಇನ್ನು ಕೆಲವು ದಿನ ಹೋಟೆಲಿನ ವಿಷಯ ಬೇಡಪ್ಪ” ಎಂದೆವು. ಅವನು ಮರುಮಾತಾಡಲಿಲ್ಲ. ಮುಂದೆ ಎರಡು ವಾರ ಮಳೆ, ರೈಲು, ಛತ್ರಿಗಳ ಚಿತ್ರ ತಂದನು. ಆಮೇಲೆ ಬರುವುದನ್ನೇ ಬಿಟ್ಟನು. ಈಗ ಠಾಣೆಯಲ್ಲಿ ಗುಮಾಸ್ತನಾಗಿದ್ದಾನೆ. ಈಚೆಗೆ ರೈಲಿನಲ್ಲಿ ಸಿಕ್ಕಾಗ, “ಈಗ ಬರೆಯುವುದಿಲ್ಲ ಧಣಿಗಳೇ, ಪುರುಸೊತ್ತಿಲ್ಲ” ಎಂದನು. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಚಾಕರಿ ಮಾಡಿಸಿಕೊಂಡು ಕೂಲಿ ಕೊಡದ ಧಣಿಯನ್ನು ನಾವು ನ್ಯಾಯವಂತನೆನ್ನುವೆವೆ? ಭಟ್ಟರಿಗೆ ಹೊಗಳಿಕೆಯನ್ನೇ ತಿಂಗಳ ಸಂಬಳವೆಂದು ಕೊಡಲಾದೀತೆ? ಕಲೆಯೆಂದು ಕರೆದ ಮಾತ್ರಕ್ಕೆ ದುಡಿಮೆಯು ದುಡಿಮೆಯಾಗದೆ ಹೋಗುವುದಿಲ್ಲ. ಆದುದರಿಂದ ಇನ್ನು ಮುಂದೆ ಈ ಪತ್ರಿಕೆಯಲ್ಲಿ ಅಚ್ಚಾಗುವ ಪ್ರತಿಯೊಂದು ಚಿತ್ರಕ್ಕೂ, ಅದು ಎಷ್ಟೇ ಚಿಕ್ಕದಿರಲಿ, ಸಂಭಾವನೆ ಸಲ್ಲುವುದು. ನಮ್ಮ ಶಕ್ತಿ ಸಣ್ಣದು, ಮೊತ್ತವೂ ಸಣ್ಣದೇ. ಆದರೆ ಕಾಫಿಯಲ್ಲಿ ಲೆಕ್ಕ ತೀರಿಸುವ ಪದ್ಧತಿ ಇಂದಿಗೆ ಮುಗಿಯಿತು. ಇತರ ಕನ್ನಡ ಪತ್ರಿಕೆಗಳಲ್ಲಿಯೂ ಬಿಟ್ಟಿ ಚಿತ್ರದ ರೂಢಿಯಿದ್ದರೆ, ಅವೂ ಇದನ್ನು ಕೈಬಿಡಬೇಕೆಂದು ಕೋರುತ್ತೇವೆ.

ವಾಚಕ ಮಹಾಶಯರಿಂದಲೂ ಒಂದು ಉಪಕಾರ ಆಗಬೇಕು. ಮಂತ್ರಿಯನ್ನು ಕುರಿತ ಚಿತ್ರಕ್ಕೆ ನಾವೆಲ್ಲರೂ ನಗುತ್ತೇವೆ. ನಮ್ಮ ಸಂಘ, ನಮ್ಮ ಜಾತಿ, ನಮ್ಮ ಕಸುಬು ಚಿತ್ರದಲ್ಲಿ ಕಂಡ ದಿನವೂ ನಗಬಲ್ಲೆವಾದರೆ ಮಾತ್ರ ವ್ಯಂಗ್ಯಚಿತ್ರಕಾರನು ಬಾಳಿಯಾನು. ಬಿಲ್ಲಿನ ಹಿಂಬದಿಯಲ್ಲಿ ಗೀಚುವ ತರುಣರು ನಮ್ಮ ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ಈಗಲೂ ಇದ್ದಾರು. ಅವರು ನಿಸ್ಸಂಕೋಚವಾಗಿ ಬರಲಿ. ವಡೆಯ ಚಿತ್ರವನ್ನೇ ತಂದರೂ ಈ ಸಲ ಅಚ್ಚು ಹಾಕುವೆವು.