ಕಪ್ಪು ಪರದೆ, ತಾಳೆಯಾಗದ ಲೆಕ್ಕ

ಮಕ್ಕಳೇ, ಈ ವಾರ ತಾತ ಕಂಪ್ಯೂಟರಿನ ಹೊಟ್ಟೆಯೊಳಗೆ ಕೈ ಹಾಕಿದ ಕಥೆ ಹೇಳುತ್ತೇನೆ. ಒಬ್ಬ ಹುಡುಗನ ಮೇಲೆ ಸುಮ್ಮಸುಮ್ಮನೆ ರೇಗಿ, ಆಮೇಲೆ ಹೋಗಿ ‘ತಪ್ಪಾಯಿತಪ್ಪಾ’ ಎಂದ ಕಥೆಯೂ ಇದರಲ್ಲೇ ಇದೆ. ಅಜ್ಜ ಅಜ್ಜಿಯರು ಇದು ತಮಗಲ್ಲವೆಂದು ಪುಟ ತಿರುಗಿಸಬೇಡಿ. ಇದರಲ್ಲಿ ನಮ್ಮ ಕಾಲದ ಲೆಕ್ಕವೂ ಬರುತ್ತದೆ.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಹೋದ ವರ್ಷ ಶಾಲೆಯಿಂದ ಸೋಮನಾಥಪುರಕ್ಕೆ ಹೋಗಿ ಬಂದವಳು, ಅಲ್ಲಿಯ ಕೇಶವ ದೇವಾಲಯವನ್ನು ಕಂಪ್ಯೂಟರಿನಲ್ಲಿ ಕಟ್ಟಲು ಕೂತಳು. ನಕ್ಷತ್ರದ ಹಾಗೆ ಮೂಲೆಮೂಲೆಯಾದ ಜಗತಿ, ಮೂರು ಗೋಪುರ, ಸಾಲು ಆನೆ, ಸಾಲು ಕುದುರೆ. ಬ್ಲೆಂಡರ್ ಎಂಬ ತಂತ್ರಾಂಶ ಬಿಟ್ಟಿಯಾಗಿಯೇ ಸಿಗುತ್ತದೆ, ಆದರೆ ಅದರ ಕೆಲಸ ಹಗುರವಲ್ಲ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಚಿತ್ರ ಪೂರ್ತಿ ಮೂಡಲು ರಾತ್ರಿಯಿಡೀ ಬೇಕಾಗುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಒಂದು ಆನೆಗೆ ಸೊಂಡಿಲೇ ಇರುತ್ತಿರಲಿಲ್ಲ. ಮತ್ತೆ ಇನ್ನೊಂದು ರಾತ್ರಿ.

ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದಳು. ಹಾಗೆಂದರೇನು? ನಿಮ್ಮ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿದ್ದರೆ ಗುಣಿಸಿ ನೋಡಿ: 20,73,600 ಚುಕ್ಕಿ. ಸೆಕೆಂಡಿಗೆ 60 ಸಲ ಪ್ರತಿ ಚುಕ್ಕಿಯ ಬಣ್ಣ ಹೊಸದಾಗಿ ಲೆಕ್ಕ ಹಾಕಬೇಕು. ಕಂಪ್ಯೂಟರಿನ ಪ್ರೊಸೆಸರ್ ಎಂದರೆ ಎಲ್ಲ ಬಗೆಯ ಕೆಲಸವನ್ನೂ ಬಲ್ಲ ನಾಲ್ಕೆಂಟು ಹಿರಿಯ ಗುಮಾಸ್ತರಿದ್ದ ಹಾಗೆ. ಗ್ರಾಫಿಕ್ಸ್ ಕಾರ್ಡ್ ಎಂದರೆ ಬರೀ ಕೂಡು, ಗುಣಿಸು ಎಂಬಷ್ಟನ್ನೇ ಬಲ್ಲ ಸಾವಿರಾರು ಹುಡುಗರು. ಚುಕ್ಕಿಗಳನ್ನು ಹಂಚಿಕೊಂಡು ಎಲ್ಲರೂ ಒಟ್ಟಿಗೆ ಲೆಕ್ಕ ಹಾಕಿಬಿಡುತ್ತಾರೆ.

ಎರಡು ವರ್ಷ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಕೂಡಿಟ್ಟು, ನಾನೂ ಸ್ವಲ್ಪ ಸೇರಿಸಿ, 18,000 ರೂಪಾಯಿಗೆ ಕಾರ್ಡ್ ತಂದೆವು. ನನ್ನ ಮಗನಿಗೆ ಇಷ್ಟವಿರಲಿಲ್ಲ. ‘ದುಡ್ಡು ದಂಡ, ಆಟಕ್ಕೆ ನೆಪ’ ಎಂದಿದ್ದ. ಅವನು ಊರಿಗೆ ಹೋಗಿದ್ದ ವಾರ ನೋಡಿ ಪುಟ್ಟಿ ಅದನ್ನು ತಾನೇ ಕೂರಿಸಿದಳು. ಸ್ವಿಚ್ ಹಾಕಿದಳು. ಫ್ಯಾನ್ ತಿರುಗಿತು, ಪೆಟ್ಟಿಗೆಯ ದೀಪ ಹತ್ತಿತು. ಪರದೆ ಮಾತ್ರ ಕಪ್ಪು. ‘ನೋ ಸಿಗ್ನಲ್’ ಎಂದು ತೋರಿಸಿ ಅದೂ ಆರಿಹೋಯಿತು.

ಎರಡು ದಿನ ಏನೇನೋ ಮಾಡಿದಳು. ಮೂರನೇ ದಿನ ನನ್ನ ಪಕ್ಕ ಬಂದು ಕೂತು, ‘ತಾತ, ನಾನೇ ಸುಟ್ಟುಬಿಟ್ಟೆನಾ?’ ಎಂದಳು. ಕಣ್ಣು ತುಂಬಿತ್ತು. ಅಪ್ಪ ನಾಳಿದ್ದು ಬರುವವನಿದ್ದ.

ನನಗೆ ಸಿಟ್ಟು ಬಂತು, ಅಂಗಡಿಯವರ ಮೇಲೆ. ಫೋನ್ ಮಾಡಿದೆ. ಎತ್ತಿದ ಹುಡುಗ ಮೆಲ್ಲಗೆ ಕೇಳಿದ: ‘ಸಾರ್, ಮಾನಿಟರಿನ ಕೇಬಲ್ ಕಾರ್ಡಿಗೇ ಹಾಕಿದ್ದೀರಾ? ಕಾರ್ಡಿಗೆ ಬೇರೆ ಪವರ್ ವೈರ್ ಕೊಟ್ಟಿದ್ದೀರಾ?’ ನಾನು ಪುಟ್ಟಿಯ ಮುಖ ನೋಡಿದೆ. ಎರಡನ್ನೂ ಮಾಡಿ ನೋಡಿದ್ದಾಳೆ ಎಂದು ತಲೆಯಾಡಿಸಿದಳು. ‘ಎಲ್ಲ ಮಾಡಿಯಾಗಿದೆ ರೀ! ಕೆಟ್ಟ ಮಾಲು ಕೊಟ್ಟು ನಮ್ಮನ್ನೇ ಪ್ರಶ್ನೆ ಮಾಡ್ತೀರಲ್ಲ!’ ಎಂದು ಕೂಗಾಡಿ ಫೋನ್ ಇಟ್ಟೆ.

ಇಟ್ಟ ಮೇಲೆ ಕಸಿವಿಸಿಯಾಯಿತು. ಬ್ಯಾಂಕಿನ ಕೌಂಟರಿನ ಈಚೆ ಕಡೆ ಕೂತು ಇಂಥದೇ ಕೂಗಾಟವನ್ನು ನಾನು ಎಷ್ಟು ವರ್ಷ ಕೇಳಿಲ್ಲ? ‘ನನ್ನ ದುಡ್ಡು ಎಲ್ಲಿ ಹೋಯ್ತು’ ಎಂದು ಮೇಜು ಗುದ್ದಿದವರ ಚೀಟಿ ಎಷ್ಟೋ ಸಲ ಅವರ ಜೇಬಿನಲ್ಲೇ ಇರುತ್ತಿತ್ತು.

ಆಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಆದರೆ ಯಾರೂ ಪುಸ್ತಕವನ್ನೆಲ್ಲ ಕಲಸುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಅದು ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು. 720 ಬರೆಯುವಲ್ಲಿ 270 ಬರೆದರೆ ವ್ಯತ್ಯಾಸ 450, ಒಂಬತ್ತೈವತ್ಲೆ ನಾನೂರೈವತ್ತು. ಜಮಾ ಆಗಬೇಕಾದ 350 ಖರ್ಚಿಗೆ ಬಿದ್ದಿದ್ದರೆ ವ್ಯತ್ಯಾಸ ಅದರ ಎರಡರಷ್ಟು, 700. ಒಂದೊಂದೇ ಅನುಮಾನ ತೆಗೆದುಕೊಂಡು, ನೋಡಿದ್ದಕ್ಕೆ ಟಿಕ್ ಹಾಕುತ್ತ ಹೋಗುತ್ತಿದ್ದೆವು.

‘ಒಂದು ನೋಟ್ ಬುಕ್ ತಗೊಂಡು ಬಾ’ ಎಂದೆ. ‘ನೀನು ಮಾಡಿದ್ದನ್ನೆಲ್ಲ ಮಾಡಿದ ಕ್ರಮದಲ್ಲೇ ಬರಿ. ಆ ಹೊತ್ತಿಗೆ ಮಿಕ್ಕಿದ್ದು ಹೇಗಿತ್ತು ಅನ್ನೋದನ್ನೂ ಬರಿ.’

ಬರೆಯುವ ಮುಂಚೆ ಹಳೆಯ ಪದ್ಧತಿಯಂತೆ ಕೊನೆಯ ಸಲ ತಾಳೆಯಾಗಿದ್ದ ಪುಟಕ್ಕೆ ಹೋದೆವು. ಕಂಪ್ಯೂಟರ್ ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟ್ ಇಳಿಯಲೆಂದು ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದೆವು. ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿದೆವು. ಕಾರ್ಡ್ ತೆಗೆದು, ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿನ ಹಳೆಯ ಜಾಗಕ್ಕೇ ಹಾಕಿ ಸ್ವಿಚ್ ಒತ್ತಿದರೆ ಪರದೆ ಬಂತು! ಅಂದರೆ ಮಾನಿಟರ್ ಸರಿ, ಕೇಬಲ್ ಸರಿ, ಮೆಮೊರಿ ಸರಿ. ಮೂರಕ್ಕೆ ಟಿಕ್.

ಈಗ ಪುಟ್ಟಿಯ ಪುಟ ನೋಡಿ. ಮೊದಲ ದಿನ: ಕೇಬಲ್ ಕಾರ್ಡಿಗೆ ಹಾಕಿದೆ, ಪವರ್ ವೈರ್ ಕೊಟ್ಟಿರಲಿಲ್ಲ. ಕಪ್ಪು. ‘ಇದಲ್ಲ’ ಎಂದು ಕೇಬಲನ್ನು ಮತ್ತೆ ಮದರ್‌ಬೋರ್ಡಿಗೆ ಹಾಕಿದೆ. ಎರಡನೇ ದಿನ: ಪವರ್ ವೈರ್ ಕೊಟ್ಟೆ, ಕೇಬಲ್ ಮದರ್‌ಬೋರ್ಡಿನಲ್ಲೇ ಇತ್ತು. ಕಪ್ಪು. ‘ಇದೂ ಅಲ್ಲ’ ಎಂದು ವೈರ್ ತೆಗೆದೆ.

ಬರೆದು ಮುಗಿಸಿ ಅವಳೇ ಪೆನ್ನು ಕೆಳಗಿಟ್ಟಳು. ‘ತಾತ! ಎರಡೂ ಒಟ್ಟಿಗೆ ಇರಲೇ ಇಲ್ಲ!’

ನೋಡಿ ಮಕ್ಕಳೇ, ಒಂದೇ ತಪ್ಪಿದ್ದರೆ ಸರಿಮಾಡಿದ ಕೂಡಲೇ ಗೊತ್ತಾಗುತ್ತದೆ. ಎರಡು ತಪ್ಪು ಜೊತೆಯಲ್ಲಿದ್ದರೆ ಒಂದನ್ನು ಸರಿಮಾಡಿದರೂ ಪರದೆ ಕಪ್ಪಾಗಿಯೇ ಇರುತ್ತದೆ. ಆಗ ಸರಿಮಾಡಿದ್ದನ್ನೇ ತಪ್ಪೆಂದು ತಿಳಿದು ಮತ್ತೆ ಕೆಡಿಸಿಬಿಡುತ್ತೇವೆ. ನಾನು ಅಂಗಡಿಯ ಹುಡುಗನಿಗೆ ‘ಎಲ್ಲ ಮಾಡಿಯಾಗಿದೆ’ ಎಂದದ್ದು ಸುಳ್ಳಲ್ಲ. ಆದರೆ ನಿಜವೂ ಅಲ್ಲ.

ಎರಡೂ ಏಕೆ ಬೇಕು? ಕಾರ್ಡ್ ಕೂರುವ ಸ್ಲಾಟಿನಿಂದ ಹೆಚ್ಚೆಂದರೆ 75 ವಾಟ್ ಸಿಗುತ್ತದೆ. ನಮ್ಮ ಕಾರ್ಡಿಗೆ ಬೇಕಾದದ್ದು 120. ಉಳಿದದ್ದು ಪವರ್ ಸಪ್ಲೈಯಿಂದ ಬರುವ ಬೇರೆ ವೈರಿನಿಂದಲೇ ಬರಬೇಕು. ಆರು ತೂತಿನ ಪ್ಲಗ್ಗಾದರೆ 75, ಎಂಟು ತೂತಿನದಾದರೆ 150 ವಾಟಿನ ತನಕ ಕೊಡುತ್ತದೆ. ಪ್ರೊಸೆಸರಿಗೆ ಹೋಗುವ ವೈರಿಗೂ ಇಂಥದೇ ಎಂಟು ತೂತು ಇರುತ್ತದೆ, ಒಳಗಿನ ಜೋಡಣೆ ಬೇರೆ. ಅದನ್ನು ಇದಕ್ಕೆ ಬಲವಂತವಾಗಿ ತುರುಕಬೇಡಿ. ಇನ್ನು ಕಾರ್ಡ್ ಹಾಕಿದ ಮೇಲೆ ಅನೇಕ ಕಂಪ್ಯೂಟರುಗಳು ಮದರ್‌ಬೋರ್ಡಿನ ಹಳೆಯ ಬಾಗಿಲನ್ನು ತಾವಾಗಿಯೇ ಮುಚ್ಚಿಬಿಡುತ್ತವೆ. ಕೇಬಲ್ ಅಲ್ಲೇ ಇದ್ದರೆ, ಬೀಗ ಹಾಕಿದ ಮನೆಯ ಮುಂದೆ ಕಾದು ನಿಂತ ಹಾಗೆ.

ಮತ್ತೆ ಪ್ಲಗ್ ಕಿತ್ತೆವು. ಕಾರ್ಡನ್ನು ಸ್ಲಾಟಿನ ಕೊನೆಯ ಕೊಂಡಿ ‘ಟಕ್’ ಎನ್ನುವ ತನಕ ನೇರವಾಗಿ ಒತ್ತಿ, ಸ್ಕ್ರೂ ಬಿಗಿದು, ಪವರ್ ವೈರ್ ಕೊಟ್ಟು, ಕೇಬಲನ್ನು ಕಾರ್ಡಿಗೇ ಹಾಕಿದೆವು. ‘ನೀವೇ ಒತ್ತಿ ತಾತ’ ಎಂದಳು. ‘ನಿನ್ನ ದುಡ್ಡು, ನೀನೇ ಒತ್ತು’ ಎಂದೆ. ಒತ್ತಿದಳು. ಎರಡು ಕ್ಷಣ ಕಪ್ಪು. ಆಮೇಲೆ ಬೆಳಕು. ಅವಳು ಕಿರುಚಿದ್ದಕ್ಕೆ ಅಡಿಗೆಮನೆಯಿಂದ ಅವಳಜ್ಜಿ ಸೌಟು ಹಿಡಿದೇ ಓಡಿ ಬಂದರು.

ಮಾರನೆಯ ದಿನ ಅಂಗಡಿಗೆ ನಾನೇ ಹೋದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಕೂಗಾಡಲು ಫೋನ್ ಸಾಕು, ತಪ್ಪೊಪ್ಪಿಕೊಳ್ಳಲು ಮುಖ ಬೇಕು. ಆ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ‘ನಿನ್ನೆ ಕೂಗಾಡಿದ ಮುದುಕ ನಾನೇ ಕಣಪ್ಪಾ. ತಪ್ಪು ನಮ್ಮದೇ, ನೀನು ಕೇಳಿದ ಎರಡರಲ್ಲೇ ಇತ್ತು’ ಎಂದೆ. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ‘ಕೂತ್ಕೊಳ್ಳಿ ಸಾರ್’ ಎಂದು ಸ್ಟೂಲ್ ಎಳೆದ. ಆಮೇಲೆ ನಗುತ್ತ, ‘ಇಲ್ಲಿಗೆ ಬಂದು ಹೀಗೆ ಹೇಳಿದವರು ನೀವೇ ಮೊದಲು’ ಎಂದ. ಆ ಮಾತು ಕೇಳಿ ನನಗೇನೂ ಹೆಮ್ಮೆಯಾಗಲಿಲ್ಲ.

ಊರಿನಿಂದ ಬಂದ ಮಗನಿಗೆ ಪುಟ್ಟಿ ಮೊದಲು ತೋರಿಸಿದ್ದು ದೇವಾಲಯವನ್ನಲ್ಲ, ಆ ನೋಟ್ ಬುಕ್ಕನ್ನು. ಅವನು ಅದನ್ನು ಎರಡು ಸಲ ಓದಿದ. ‘ದುಡ್ಡು ದಂಡ’ ಎಂಬ ಮಾತು ಮತ್ತೆ ಬರಲಿಲ್ಲ. ರಾತ್ರಿ ಊಟವಾದ ಮೇಲೆ ಮಗಳ ಪಕ್ಕ ಕುರ್ಚಿ ಹಾಕಿಕೊಂಡು, ‘ಈ ಆನೆಗೆ ಸೊಂಡಿಲು ಯಾವಾಗ ಬರುತ್ತೆ?’ ಎಂದು ಕೇಳುತ್ತಿದ್ದ.

ನಿಮ್ಮ ಮನೆಯಲ್ಲೂ ಏನಾದರೂ ಕೈಕೊಟ್ಟರೆ, ರೇಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ವಾರ ಸಿಗೋಣ.