ಪದವೀಧರರ ಉಮೇದುವಾರಿ

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಪುಣೆಯ ಕನ್ನಡಿಗರ ಮನೆಗಳಿಗೆ ಸಂತೋಷವೂ ಚಿಂತೆಯೂ ಒಟ್ಟಿಗೇ ಕಾಲಿಡುತ್ತವೆ. ಹೋಟೆಲಿನ ಗಲ್ಲಾದ ಮೇಲೆ ಕುಳಿತೋ, ಯಾವುದೋ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿಯೋ ಮಕ್ಕಳನ್ನು ಬಿ.ಕಾಂ. ಓದಿಸಿದ ತಂದೆಯು ಪೇಢೆ ಹಂಚಿ ಒಂದು ವಾರ ಕಳೆಯುವುದರೊಳಗೆ ಅರ್ಜಿಗಳ ಓಡಾಟ ಮೊದಲಾಗುತ್ತದೆ. ಹೋದಲ್ಲೆಲ್ಲ ಕೇಳುವ ಮೊದಲ ಪ್ರಶ್ನೆ, ‘ಅನುಭವ ಎಷ್ಟು?’ ಎಂಬುದು. ಕೆಲಸವನ್ನೇ ಕೊಡದೆ ಅನುಭವ ಎಲ್ಲಿಂದ ಬರಬೇಕೆಂಬುದನ್ನು ಕೇಳುವವರು ತಿಳಿಸುವುದಿಲ್ಲ.

ಈ ಪ್ರಶ್ನೆಗೆ ಕಾಲೇಜುಗಳು ಈಗ ಕೊಡುತ್ತಿರುವ ಉತ್ತರ ಇಂಟರ್ನ್‌ಶಿಪ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ತರುವಾಯ ಮಹಾರಾಷ್ಟ್ರದ ಪದವಿ ಪಠ್ಯಕ್ರಮದಲ್ಲಿ ಕೆಲಸದ ಸ್ಥಳದಲ್ಲಿಯೇ ಪಡೆಯುವ ತರಬೇತಿಗೂ ಸ್ಥಾನ ದೊರೆತಿದೆ. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಆ ತರಬೇತಿಯಲ್ಲಿ ನಿಜವಾದ ಕೆಲಸವಿರಬೇಕು, ಕೆಲಸಕ್ಕೆ ತಕ್ಕಮಟ್ಟಿನ ಸಂಬಳವಿರಬೇಕು. ಇವೆರಡೂ ಇಲ್ಲದಿದ್ದರೆ ಬಡವರ ಮಕ್ಕಳ ಪಾಲಿಗೆ ಅದು ಮತ್ತೊಂದು ಮುಚ್ಚಿದ ಬಾಗಿಲೇ ಸರಿ.

ಹೆಸರು ಹೊಸದಾದರೂ ವಸ್ತು ಹಳೆಯದು. ಈ ಪುಣೆಯಲ್ಲಿಯೂ ಅತ್ತ ಬೆಳಗಾವಿಯ ಕಡೆಯಲ್ಲಿಯೂ ಹಿಂದಿನವರು ಇದನ್ನೇ ಉಮೇದುವಾರಿ ಎನ್ನುತ್ತಿದ್ದರು. ಈಗ ಆ ಶಬ್ದವನ್ನು ಚುನಾವಣೆಗೆ ನಿಲ್ಲುವವರು ತಮ್ಮದಾಗಿಸಿಕೊಂಡಿದ್ದಾರೆ. ಅವರಿಗೆ ಯಾವ ತರಬೇತಿಯ ಅಗತ್ಯವೂ ಕಾಣದೆಂಬುದು ಬೇರೆ ಮಾತು. ನಮ್ಮ ಹೋಟೆಲ್ ಉದ್ಯಮವಂತೂ ಉಮೇದುವಾರಿಯ ಬುನಾದಿಯ ಮೇಲೆಯೇ ನಿಂತಿತು. ಘಟ್ಟದ ಕೆಳಗಿನಿಂದ ಬಂದ ಹುಡುಗನು ಲೋಟ ತೊಳೆಯುವಲ್ಲಿಂದ ಆರಂಭಿಸಿ, ಮೇಜು ಒರೆಸಿ, ಸಪ್ಲಾಯರನಾಗಿ, ಕಾವಲಿಯ ಮುಂದೆ ನಿಂತು, ಕೊನೆಗೆ ಗಲ್ಲಾದ ಕೀಲಿಕೈ ಹಿಡಿಯುವ ಹೊತ್ತಿಗೆ ಅವನಿಗೆ ತಿಳಿಯದ ಮೂಲೆ ಹೋಟೆಲಿನಲ್ಲಿ ಉಳಿದಿರುತ್ತಿರಲಿಲ್ಲ. ಯಾವ ದಿನ ಎಷ್ಟು ಹಿಟ್ಟು ರುಬ್ಬಬೇಕು, ಮಳೆ ಹಿಡಿದರೆ ಗಿರಾಕಿ ಎಷ್ಟು ಕಡಿಮೆಯಾದಾನು ಎಂಬುದನ್ನು ಯಾವ ಪುಸ್ತಕವೂ ಕಲಿಸದು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಮನೆಮಾತಾಗಿಸಿದ, 2023ರಲ್ಲಿ ಕಾಲವಾದ ಜಗನ್ನಾಥ ಶೆಟ್ಟರು ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಹೋಟೆಲಿನ ದುಡಿಮೆಗಿಳಿದವರು. ಆ ರಸ್ತೆಯ ಕಾಲೇಜಿನ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಕುಳಿತೆದ್ದ ಮೇಜುಗಳ ಹಿಂದೆ ಇಂಥದೊಂದು ವಿದ್ಯಾಭ್ಯಾಸವಿತ್ತು.

ಹಾಗೆಂದು ಆ ಹಳೆಯ ಗುರುಕುಲವನ್ನು ಹಾಡಿ ಹೊಗಳುವವರು ನಾವಲ್ಲ. ಅಲ್ಲಿ ಏಟೂ ಇತ್ತು, ಅರೆನಿದ್ದೆಯೂ ಇತ್ತು, ವರ್ಷಗಟ್ಟಲೆ ಕೈಗೆ ಬಾರದ ಸಂಬಳವೂ ಇತ್ತು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧ ಬಂದದ್ದು ನ್ಯಾಯವೇ. ಆ ಪದ್ಧತಿಯಿಂದ ಉಳಿಸಿಕೊಳ್ಳತಕ್ಕದ್ದು ಒಂದೇ: ಕಲಿಯುವವನ ಕೈಗೆ ಕೆಲಸ ಬರುತ್ತಿತ್ತು.

ಇಂದಿನ ಅನೇಕ ಇಂಟರ್ನ್‌ಶಿಪ್‌ಗಳಲ್ಲಿ ಇಲ್ಲದಿರುವುದು ಅದೇ. ಎರಡು ತಿಂಗಳು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಝೆರಾಕ್ಸ್ ತೆಗೆಸಿ, ಕೊನೆಗೆ ಬಣ್ಣದ ಪ್ರಮಾಣಪತ್ರವೊಂದನ್ನು ಕೊಟ್ಟು ಕಳಿಸುವ ಕಚೇರಿಗಳುಂಟು. ತರಬೇತಿಗೆಂದು ವಿದ್ಯಾರ್ಥಿಯಿಂದಲೇ ಶುಲ್ಕ ವಸೂಲು ಮಾಡುವವರೂ ಇದ್ದಾರೆಂದು ನಮ್ಮ ಕಿವಿಗೆ ಬಿದ್ದಿದೆ. ಕೆಲಸದಲ್ಲಿ ಕಲಿಯುವುದೆಂದರೆ ಏನೆಂಬುದಕ್ಕೆ ನಮ್ಮ ವಾಚಕರಿಗೆ ಹತ್ತಿರದ ಒಂದು ನಿದರ್ಶನ ಕೊಡುತ್ತೇವೆ. ವ್ಯಾಪಾರಿಯು ಸರಕು ಕೊಳ್ಳುವಾಗ ತೆತ್ತ ಜಿ.ಎಸ್.ಟಿ.ಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದೆಂದು ಬಿ.ಕಾಂ. ವಿದ್ಯಾರ್ಥಿ ಓದಿರುತ್ತಾನೆ. ಆದರೆ 2017ರ ನವೆಂಬರಿನಿಂದ ಸಾಧಾರಣ ಹೋಟೆಲುಗಳು ಗಿರಾಕಿಯಿಂದ ಶೇಕಡಾ 5ರಷ್ಟು ತೆರಿಗೆ ಪಡೆದು ಕಟ್ಟಬೇಕು. ಎಣ್ಣೆಗೂ ಗ್ಯಾಸಿಗೂ ತಾವು ತೆತ್ತದ್ದನ್ನು ಕಳೆದುಕೊಳ್ಳುವಂತಿಲ್ಲ. ಆ ಹೊರೆ ಇಡ್ಲಿಯ ಬೆಲೆಯಲ್ಲಿ ಹೇಗೆ ಸೇರುತ್ತದೆ ಎಂಬುದು ಒಂದು ತಿಂಗಳು ಹೋಟೆಲಿನ ಲೆಕ್ಕ ಬರೆದವನಿಗೆ ತಾನೇ ತಿಳಿಯುತ್ತದೆ. ಹಾಗೆ ಬರೆದವನು ಸಂದರ್ಶನದಲ್ಲಿ ತಡವರಿಸಲಾರನು.

ಸಂಬಳದ ಮಾತು ಇನ್ನೂ ಮುಖ್ಯವಾದುದು. ಸಂಬಳವಿಲ್ಲದ ಆರು ತಿಂಗಳ ತರಬೇತಿಯನ್ನು ಯಾರ ಮಕ್ಕಳು ಮಾಡಬಲ್ಲರು? ಮನೆ ಬಾಡಿಗೆಯ ಯೋಚನೆಯಿಲ್ಲದವರ ಮಕ್ಕಳು ಮಾತ್ರ. ಸಪ್ಲಾಯರನ ಮಗಳು ಅಷ್ಟು ದಿನ ಬಸ್ಸಿನ ಖರ್ಚು ಹಾಕಿಕೊಂಡು ಪುಕ್ಕಟೆ ದುಡಿಯಲಾರಳು. ಅವಳು ಯಾವುದೋ ಅಂಗಡಿಯಲ್ಲಿ ಸಿಕ್ಕಿದ ಕೆಲಸ ಹಿಡಿಯುತ್ತಾಳೆ. ಮುಂದೆ ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದಾಗ ಒಬ್ಬರಿಗೆ ‘ಅನುಭವ’ ಇರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ. ಯೋಗ್ಯತೆಯ ಹೆಸರಿನಲ್ಲಿ ನಡೆಯುವ ಈ ಅನ್ಯಾಯವು ಯಾರ ಕಣ್ಣಿಗೂ ಬೀಳದು.

ಇದೇ ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಕಲಿತ ವಿಶ್ವೇಶ್ವರಯ್ಯನವರು 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದುದರಿಂದ ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. ಆ ಇಲಾಖೆಯಲ್ಲಿ ವರ್ಷಾನುಗಟ್ಟಲೆ ಸಂಬಳ ಪಡೆದು ದುಡಿದ ಅನುಭವದಿಂದಲೇ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಹುಟ್ಟಿದವು. ಪದವಿಯ ಬೆನ್ನಿಗೇ ಹುದ್ದೆ ದೊರೆಯುತ್ತಿದ್ದ ಕಾಲ ಎಂದೋ ಮುಗಿಯಿತು. ಅದು ಮುಗಿಯುವುದನ್ನು ಅವರು ಮೊದಲೇ ಕಂಡಿದ್ದರೇನೋ. ಕೈಕಸುಬಿನ ಶಿಕ್ಷಣಕ್ಕಾಗಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗುವುದಕ್ಕೆ ಕಾರಣರಾದವರು ಅವರೇ.

ದುಡಿದು ಕಲಿಯುವವನಿಗೆ ಕಾನೂನಿನ ಬೆಂಬಲವಿಲ್ಲವೆಂದು ತಿಳಿಯಬೇಕಾಗಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯನ್ನು ಪಿಂಪರಿ-ಚಿಂಚವಡದ ಕಾರಖಾನೆಗಳಲ್ಲಿ ಪಳಗಿದ ನಮ್ಮ ಐ.ಟಿ.ಐ. ತರುಣರು ಬಲ್ಲರು. ಬಹಳ ಜನ ಅರಿಯದ ಸಂಗತಿಯೆಂದರೆ, 2014ರ ತಿದ್ದುಪಡಿಯು ಎಂಜಿನಿಯರರಲ್ಲದ ಪದವೀಧರರಿಗೂ, ಎಂದರೆ ನಮ್ಮ ಬಿ.ಎ., ಬಿ.ಕಾಂ. ಮಕ್ಕಳಿಗೂ, ಆ ಬಾಗಿಲನ್ನು ತೆರೆಯಿತು. 2019ರ ನಿಯಮಗಳು ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಕೊಡಬೇಕೆಂದು ಗೊತ್ತುಪಡಿಸಿದವು. ಇದನ್ನು ಏರಿಸಬೇಕೆಂದು 2025ರಲ್ಲಿ ಶಿಫಾರಸೂ ಆಯಿತು. ಕರಾರುಪತ್ರ ನೋಂದಣಿಯಾಗಬೇಕು, ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲಿಕನದು. ಬರಿಯ ಇಂಟರ್ನ್‌ಶಿಪ್ಪಿಗಾದರೋ ಇಂಥ ಪ್ರತ್ಯೇಕ ಕಾಯಿದೆಯ ಆಸರೆಯಿಲ್ಲ. ಆದಕಾರಣ ‘ನೀವು ಕೊಡುವುದು ಕಾಯಿದೆಯ ಪ್ರಕಾರದ ಅಪ್ರೆಂಟಿಸ್‌ಶಿಪ್ಪೇ?’ ಎಂದು ಮೊದಲೇ ಕೇಳಲು ಯಾರೂ ಸಂಕೋಚಪಡಬಾರದು. ತರಬೇತಿಯ ಅನಂತರ ಕೆಲಸ ಕೊಟ್ಟೇ ತೀರಬೇಕೆಂಬ ಕಟ್ಟು ಈ ಕಾಯಿದೆಯಲ್ಲಿಯೂ ಇಲ್ಲವೆಂಬುದನ್ನು ಮರೆಯಬಾರದು.

ಸರ್ಕಾರದ ಹೊಸ ಯೋಜನೆಗಳೂ ಇವೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಆರಂಭವಾದಾಗ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು. ಪುಣೆಯಲ್ಲಿ ಕೋಣೆಯ ಬಾಡಿಗೆಯನ್ನೂ ಊಟದ ಮೆಸ್ಸನ್ನೂ ಬಲ್ಲವರಿಗೆ ಆ ಮೊತ್ತದ ಬಗ್ಗೆ ನಾವು ಹೇಳಬೇಕಾದದ್ದಿಲ್ಲ. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಮುಖ್ಯಮಂತ್ರಿಗಳ ಯುವ ಕಾರ್ಯ ತರಬೇತಿ ಯೋಜನೆಯು ಪದವೀಧರರಿಗೆ 10,000 ರೂಪಾಯಿಯಂತೆ ಆರು ತಿಂಗಳ ಅವಧಿಗೆ ಕೊಟ್ಟಿತು. ಅವಧಿ ಮುಗಿದ ಮೇಲೆ ಮುಂದೇನೆಂದು ತಿಳಿಯದೆ ತರಬೇತಿ ಪಡೆದವರು ಚಳವಳಿ ಹೂಡಿದ್ದೂ ಉಂಟು. ಜರ್ಮನಿಯಲ್ಲಿ ತರುಣರು ಎರಡು ಮೂರು ವರ್ಷ ಸಂಬಳ ಪಡೆಯುತ್ತ ಉದ್ಯಮದಲ್ಲಿಯೂ ಶಾಲೆಯಲ್ಲಿಯೂ ಸರದಿಯಂತೆ ಕಲಿಯುವರು. ನಮ್ಮ ಆರು ತಿಂಗಳಿನಲ್ಲಿ ಕೈ ಕುದುರುವಷ್ಟರಲ್ಲಿಯೇ ದಿನಗಳು ತೀರುತ್ತವೆ.

ಈಗ ನಮ್ಮವರೇ ಆದ ಮಾಲಿಕರಿಗೆ ಎರಡು ಮಾತು. 2019ರ ನಿಯಮಗಳ ಪ್ರಕಾರ ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸರನ್ನು ಇಟ್ಟುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿದ್ದರೆ ಇಟ್ಟುಕೊಳ್ಳಬಹುದು. ಅಡಿಗೆಯೂ ಬೇಕರಿಯೂ ಈ ಕಾಯಿದೆಯ ಕಸುಬುಗಳ ಪಟ್ಟಿಯಲ್ಲಿವೆ. ಕೊಡುವ ಭತ್ಯದಲ್ಲಿ ಕಾಲು ಭಾಗವನ್ನು, 1,500 ರೂಪಾಯಿಗೆ ಮೀರದಂತೆ, ಕೇಂದ್ರ ಸರ್ಕಾರ ಭರಿಸುವ ಯೋಜನೆಯು 2016ರಲ್ಲಿ ಬಂದಿತು. ಪುಣೆಯ ನಮ್ಮ ಹೋಟೆಲುಗಳಲ್ಲಿ ಲೆಕ್ಕ, ಖರೀದಿ, ಆನ್‌ಲೈನ್ ಆರ್ಡರುಗಳ ಹೊಂದಾಣಿಕೆ ಎಂದು ಓದಿದವರು ಮಾಡತಕ್ಕ ಕೆಲಸ ಬೇಕಾದಷ್ಟಿದೆ. ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿಭಾವಂತ ಮಕ್ಕಳಿಗೆ ಶಾಲು ಹೊದಿಸುವ ಮಾಲಿಕರು, ಆ ಮಕ್ಕಳಲ್ಲಿ ಇಬ್ಬರನ್ನು ವರ್ಷದ ಮಟ್ಟಿಗೆ ತಮ್ಮ ಲೆಕ್ಕದ ಮೇಜಿಗೆ ಕರೆದು, ನಿಯಮದಂತೆ ಭತ್ಯ ಕೊಟ್ಟರೆ ಶಾಲಿಗಿಂತ ಹೆಚ್ಚು ಬೆಚ್ಚಗಾದೀತು.

ತಂದೆತಾಯಿಗಳ ಹಿಂಜರಿಕೆಯೂ ನಮಗೆ ತಿಳಿಯದ್ದಲ್ಲ. ‘ನಾವು ಲೋಟ ತೊಳೆದದ್ದು ಸಾಕು, ಮಗ ಮತ್ತೆ ಹೋಟೆಲಿಗೆ ಹೋಗಬೇಕೆ?’ ಎಂಬ ಮಾತಿನ ಹಿಂದಿನ ನೋವನ್ನು ನಾವು ಗೌರವಿಸುತ್ತೇವೆ. ಆದರೆ ಹೋಟೆಲಿನ ಲೆಕ್ಕವನ್ನು ಒಂದು ವರ್ಷ ನೋಡಿದ ಪದವೀಧರನು ಮುಂದೆ ಬ್ಯಾಂಕಿಗೋ ಲೆಕ್ಕಪರಿಶೋಧಕರ ಕಚೇರಿಗೋ ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕೊನೆಯದಾಗಿ ಒಂದು ವ್ಯವಹಾರದ ಸಂಗತಿ. ರಾಜ್ಯ ಸರ್ಕಾರದ ಯೋಜನೆಗೆ ಮಹಾರಾಷ್ಟ್ರದ ವಾಸ್ತವ್ಯದ ಪ್ರಮಾಣಪತ್ರ ಬೇಕು. ರೇಷನ್ ಕಾರ್ಡು ಊರಿನಲ್ಲಿ, ದುಡಿಮೆ ಇಲ್ಲಿ ಎಂಬಂತಿರುವ ನಮ್ಮ ಮನೆಗಳಲ್ಲಿ ಈ ಕಾಗದ ಒದಗುವುದು ಒಂದು ದಿನದ ಮಾತಲ್ಲ. ಕೊನೆಯ ವರ್ಷದ ಮಕ್ಕಳಿರುವವರು ಫಲಿತಾಂಶಕ್ಕೆ ಕಾಯದೆ, ಶಾಲೆಯ ದಾಖಲೆಗಳನ್ನೂ ಬಾಡಿಗೆಯ ಕರಾರನ್ನೂ ಹುಡುಕಿ ತೆಗೆದು ಈಗಲೇ ಅರ್ಜಿ ಹಾಕಬೇಕು. ಅರ್ಜಿ ತುಂಬಲು ಬಾರದವರಿಗಾಗಿ ನಗರದ ಕನ್ನಡ ಸಂಘಗಳು ಭಾನುವಾರದ ಬೆಳಗ್ಗೆ ಎರಡು ಗಂಟೆ ಒಂದು ಮೇಜು, ಒಬ್ಬ ತಿಳಿದ ಗುಮಾಸ್ತರನ್ನು ಒದಗಿಸಲಿ. ಹೋಟೆಲಿನವರಿಗೆ ಭಾನುವಾರ ಬಿಡುವಿಲ್ಲವಾದ್ದರಿಂದ ವಾರದ ನಡುವೆ ಮಧ್ಯಾಹ್ನ ಮೂರರಿಂದ ಐದರವರೆಗೂ ಅಂಥದೊಂದು ಏರ್ಪಾಡು ಬೇಕಾದೀತು.