ಸೈಕಾಲಜಿ ಓದಿದವರು ಮನಸ್ಸು ಓದುತ್ತಾರೆಯೇ? ಬಿಎ ಕೊನೆಯ ವರ್ಷದಲ್ಲಿ ಕಲಿಸುವುದೇ ಬೇರೆ

“ಸೈಕಾಲಜಿ ಪ್ರಕಾರ, ರಾತ್ರಿ ತಡವಾಗಿ ಮಲಗುವವರು ಹೆಚ್ಚು ಬುದ್ಧಿವಂತರು.” “ಸೈಕಾಲಜಿ ಪ್ರಕಾರ, ಮಾತಾಡುವಾಗ ಮೂಗು ಮುಟ್ಟಿಕೊಂಡರೆ ಅವರು ಸುಳ್ಳು ಹೇಳುತ್ತಿದ್ದಾರೆ.” ಇಂಥ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತವೆ. ಯಾರು ಅಧ್ಯಯನ ಮಾಡಿದರು, ಎಷ್ಟು ಜನರ ಮೇಲೆ ಮಾಡಿದರು ಎಂಬುದು ಅವುಗಳಲ್ಲಿ ಇರುವುದಿಲ್ಲ. ಇವನ್ನು ಓದಿ ಓದಿ, ಸೈಕಾಲಜಿ ಅಂದರೆ ಮುಖ ನೋಡಿ ಮನಸ್ಸು ಹೇಳುವ ವಿದ್ಯೆ ಎಂಬ ನಂಬಿಕೆ ಬೆಳೆದಿದೆ.

ಇದರ ಬಿಸಿ ಮೊದಲು ತಟ್ಟುವುದು ಆ ವಿಷಯ ಓದಲು ಹೊರಟವರಿಗೆ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿರುವ ಸಾರವಾಡದಂಥ ಊರಲ್ಲಿ ಹುಡುಗಿಯೊಬ್ಬಳು ಬಿಎಗೆ ಸೈಕಾಲಜಿ ತೆಗೆದುಕೊಳ್ಳುತ್ತೇನೆ ಅಂದರೆ ಮನೆಯಲ್ಲಿ ಏಳುವ ಪ್ರಶ್ನೆ ಊಹಿಸುವುದು ಕಷ್ಟವಲ್ಲ: “ಅದನ್ನ ಓದಿ ಏನ್ ಮಾಡಾಕಿ ಯವ್ವಾ, ಹುಚ್ಚರ ಡಾಕ್ಟರ್ ಆಗಾಕಿ ಏನು?” ಗೆಳತಿಯರ ಪ್ರಶ್ನೆ ಇನ್ನೊಂದು: “ನನ್ನ ಮನಸಿನ್ಯಾಗ ಏನೈತಿ ಹೇಳು ನೋಡೂಣು.” ಎರಡಕ್ಕೂ ಉತ್ತರ ‘ಇಲ್ಲ’ ಎಂದೇ. ಹಾಗಾದರೆ ಅವಳು ಕಲಿಯುವುದೇನು?

ಮೊದಲ ವರ್ಷದಲ್ಲಿ ನೆನಪು, ಕಲಿಕೆ, ಭಾವನೆ ಮುಂತಾದ ಪರಿಚಯ ಪಾಠಗಳು. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಸಂಖ್ಯಾಶಾಸ್ತ್ರ, ಪ್ರಯೋಗ, ಮನೋಪರೀಕ್ಷೆ, ಮನೋರೋಗಗಳ ಅಧ್ಯಯನ. ಕತೆ ಕೇಳಲು ಬಂದವರಿಗೆ ಲೆಕ್ಕ ಸಿಗುತ್ತದೆ! ಆ ಲೆಕ್ಕ ಯಾಕೆ ಬೇಕು ಎಂಬುದನ್ನು ನಮ್ಮದೇ ಒಂದು ನಂಬಿಕೆಯಿಂದ ನೋಡೋಣ.

ಅಮಾವಾಸ್ಯೆಯ ಲೆಕ್ಕ

ಅಮಾವಾಸ್ಯೆಗೆ ಮನೋರೋಗ ಕೆರಳುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಅನೇಕರು ನಂಬುತ್ತಾರೆ. ಹಾಗೆ ಹೇಳುವವರು ಸುಳ್ಳುಗಾರರಲ್ಲ. ಅಮಾವಾಸ್ಯೆಯ ದಿನವೇ ಮನೆಯವರೊಬ್ಬರು ಕೂಗಾಡಿದ್ದನ್ನು ಅವರು ಕಣ್ಣಾರೆ ಕಂಡಿರಬಹುದು. ತಪ್ಪು ಇರುವುದು ನೋಡಿದ್ದರಲ್ಲಿ ಅಲ್ಲ, ಎಣಿಸಿದ್ದರಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳಿ, ಅಂಕಿಗಳು ನಾವೇ ಇಟ್ಟುಕೊಂಡವು. ಒಬ್ಬರಿಗೆ ವರ್ಷದಲ್ಲಿ 60 ದಿನ ಕಾಯಿಲೆ ಕೆರಳಿತು. ಆ ವರ್ಷ 12 ಅಮಾವಾಸ್ಯೆ ಬಂದವು, ಅವುಗಳಲ್ಲಿ 2 ದಿನ ಕೆರಳಿತ್ತು. ಉಳಿದ 353 ದಿನಗಳಲ್ಲಿ 58 ದಿನ ಕೆರಳಿತ್ತು. ಅಮಾವಾಸ್ಯೆಯಂದು ಸುಮಾರು ನೂರಕ್ಕೆ 17, ಬೇರೆ ದಿನಗಳಲ್ಲಿ ನೂರಕ್ಕೆ 16. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಆದರೆ ಮನೆಯವರ ನೆನಪಿನಲ್ಲಿ ಉಳಿಯುವುದು ಆ 2 ದಿನ. ಅಮಾವಾಸ್ಯೆ ಬಂದರೂ ಏನೂ ಆಗದ 10 ದಿನಗಳನ್ನು ಯಾರೂ ಎಣಿಸುವುದಿಲ್ಲ. ಬೇರೆ ದಿನ ಕೆರಳಿದ 58 ಸಲವೂ ಲೆಕ್ಕಕ್ಕೆ ಬರುವುದಿಲ್ಲ. ಸೈಕಾಲಜಿ ವಿದ್ಯಾರ್ಥಿಗೆ ಕಲಿಸುವುದು ಈ ನಾಲ್ಕೂ ಮನೆಗಳನ್ನು ತುಂಬಿಸಿ ನೋಡುವುದನ್ನು.

ಇದನ್ನು ನಿಜವಾಗಿಯೂ ಎಣಿಸಿದವರಿದ್ದಾರೆ. 1985ರಲ್ಲಿ ಜೇಮ್ಸ್ ರಾಟನ್ ಮತ್ತು ಐವನ್ ಕೆಲ್ಲಿ ಎಂಬ ಇಬ್ಬರು ಸಂಶೋಧಕರು ಚಂದ್ರನ ಹಂತಗಳಿಗೂ ಮನುಷ್ಯರ ವಿಚಿತ್ರ ವರ್ತನೆಗೂ ನಂಟು ಹುಡುಕಿದ 37 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಆಸ್ಪತ್ರೆಗೆ ದಾಖಲಾಗುವುದು, ಅಪರಾಧ ಎಲ್ಲವೂ ಅದರಲ್ಲಿದ್ದವು. ಚಂದ್ರನಿಂದ ಹೀಗಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಇದು ಬರೀ ಪಾಠದ ಮಾತಲ್ಲ. “ಅಮಾವಾಸಿ ದಾಟಲಿ, ಸರಿ ಹೋಗತೈತಿ” ಎಂದು ಕಾಯುವ ಮನೆಯಲ್ಲಿ ಚಿಕಿತ್ಸೆ ತಡವಾಗುತ್ತದೆ. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋದರೂ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಮೊಬೈಲ್‌ನ ಐಕ್ಯೂ ಪರೀಕ್ಷೆ

“ಈ 10 ಪ್ರಶ್ನೆಗೆ ಉತ್ತರಿಸಿ, ನಿಮ್ಮ ಐಕ್ಯೂ ತಿಳಿಯಿರಿ” ಎಂಬ ಲಿಂಕ್ ಇನ್ನೊಂದು. ಒಂದು ಅಂಕ ಹೆಚ್ಚೋ ಕಡಿಮೆಯೋ ಎನ್ನಲು ಅದೇ ವಯಸ್ಸಿನ, ಅದೇ ಭಾಷೆಯ ನೂರಾರು ಜನ ಎಷ್ಟು ಗಳಿಸುತ್ತಾರೆ ಎಂಬುದು ಮೊದಲು ಗೊತ್ತಿರಬೇಕು. ಈ ಕೆಲಸಕ್ಕೆ ನಮ್ಮ ಧಾರವಾಡದಲ್ಲೇ ದೊಡ್ಡ ಉದಾಹರಣೆ ಇದೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಬಿನೆ ಬುದ್ಧಿ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಅನುವಾದ ಮಾಡಿ ಬಿಡಲಿಲ್ಲ. ಇಲ್ಲಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಪರೀಕ್ಷಿಸಿ, ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂದು ಮತ್ತೆ ಗೊತ್ತುಮಾಡಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಅನೇಕ ಆಸ್ಪತ್ರೆಗಳಿಗೆ ಹೋಯಿತು. ವಾಟ್ಸಾಪ್ ಲಿಂಕಿನ ಹಿಂದೆ ಇಂಥ ಕೆಲಸ ಇರುವುದಿಲ್ಲ.

ಹುಟ್ಟಿದ ತಿಂಗಳಿನಿಂದ ಗುಣ ಹೇಳುವ ಫಾರ್ವರ್ಡ್ ಅಷ್ಟೊಂದು ಸರಿ ಅನ್ನಿಸುವುದೇಕೆ? 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ “ಇದು ನಿನ್ನ ವ್ಯಕ್ತಿತ್ವದ ವರದಿ” ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಎಂಬುದಕ್ಕೆ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4.26 ಅಂಕ ಹಾಕಿದರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು.

ಹಾಗಾದರೆ ಬಿಎ ಮುಗಿಸಿದವರು ಚಿಕಿತ್ಸೆ ಕೊಡಬಹುದೇ?

ಇಲ್ಲ. ಗೊಂದಲ ಹೆಚ್ಚಿರುವುದೂ ದುಡ್ಡು ಹೋಗುವುದೂ ಇಲ್ಲೇ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದ ವೈದ್ಯರು. ಮಾತ್ರೆ ಬರೆಯುವುದು ವೈದ್ಯರ ಕೆಲಸ, ಸೈಕಾಲಜಿ ಓದಿದವರದಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಸ್ನಾತಕೋತ್ತರ ಪದವಿಯ ಮೇಲೆ, ತಜ್ಞರ ಕೈಕೆಳಗೆ ರೋಗಿಗಳೊಂದಿಗೆ ಕೆಲಸ ಮಾಡಿ ಕಲಿಯುವ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಒಂದು ದಾರಿ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಒಪ್ಪಿಗೆ ಇರಬೇಕು. ಕೋರ್ಸುಗಳ ಹೆಸರು, ಸ್ವರೂಪ ಈಗ ಬದಲಾಗುತ್ತಿವೆ. ಹಾಗಾಗಿ ಸೇರುವ ಮುನ್ನ ಆರ್‌ಸಿಐ ಪಟ್ಟಿ ನೋಡುವುದು ಒಳ್ಳೆಯದು.

“ಮನೆಯಲ್ಲೇ ಕೂತು ಸೈಕಾಲಜಿ ಡಿಗ್ರಿ ಪಡೆಯಿರಿ” ಎಂಬ ಜಾಹೀರಾತು ಬಂದರಂತೂ ಎಚ್ಚರ. ಸೈಕಾಲಜಿಯೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ಹಲವು ವಿಷಯಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕಲಿಸಬಾರದೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ.

ಸಾರವಾಡದ ಆ ಮನೆಯವರಿಗೆ ನಾವು ಹೇಳುವುದಿಷ್ಟು: ಮಗಳು ಮೂರು ವರ್ಷಕ್ಕೆ ಡಾಕ್ಟರ್ ಆಗಿ ಬರುವುದಿಲ್ಲ. ಆಪ್ತ ಸಮಾಲೋಚನೆಯೋ ಕ್ಲಿನಿಕಲ್ ಸೈಕಾಲಜಿಯೋ ಬೇಕೆಂದರೆ ಮುಂದೆ ಇನ್ನೂ ಕೆಲವು ವರ್ಷ ಓದಬೇಕು, ಅದಕ್ಕೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಾಗಬಹುದು. ಆ ಖರ್ಚಿನ ಮಾತು ಬಿಎ ಸೇರುವಾಗಲೇ ಆಡಿಕೊಳ್ಳುವುದು ಒಳ್ಳೆಯದು. ಅಲ್ಲಿಗೇ ನಿಲ್ಲಿಸಿದರೂ ಬೇರೆ ಬಿಎ ಪದವೀಧರರು ಬರೆಯುವ ಪರೀಕ್ಷೆಗಳನ್ನು ಅವಳೂ ಬರೆಯಬಹುದು.

ಈಗಲೇ ಸಹಾಯ ಬೇಕಿರುವವರು ಯಾರ ಡಿಗ್ರಿಗೂ ಕಾಯಬೇಕಿಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡ್ ಹಾಕಿಕೊಂಡಿದ್ದರೆ, ದುಡ್ಡು ಕೊಡುವ ಮೊದಲು ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ನಿಜವಾಗಿ ಓದಿದವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.